ತೈಮು ಬೆಟ್ಟ ಮತ್ತು ನನ್ನ ಪಾದಪೂಜೆ

“ನೀನು ವೈರ್ ಹಿಡ್ಕೊಂಡು ನಿಂತ್ಕೊ, ಅಷ್ಟೇ ಸಾಕು. ಮೆಹದಿಪಟ್ಟಣಂ ಬಸ್ ಸ್ಟ್ಯಾಂಡ್ ಆಚೆಗಿರೋದೆಲ್ಲ ನಿನಗೆ ಫಾರಿನ್ನೇ. ಬಂದ್ಬಿಟ್ಟ ಪ್ರಶ್ನೆ ಕೇಳೋಕೆ.”

ಪ್ರಜ್ವಲ ಈ ಮಾತು ಹೇಳಿದ್ದು ಹೈದರಾಬಾದಿನ ಕಾಚಿಗೂಡದ ನಮ್ಮ ಕನ್ನಡ ಗೆಳೆಯರ ಕೂಟದ ಸಭಾಂಗಣದಲ್ಲಿ, ಎಂಬತ್ತು ಜನರ ಎದುರಿಗೆ, ಮೈಕಿನಲ್ಲಿ. ಮೈಕು ಕೆಟ್ಟಿದ್ದರೆ ಮುಂದಿನ ಎರಡು ಸಾಲಿಗಷ್ಟೇ ಕೇಳುತ್ತಿತ್ತು. ಬೆಳಿಗ್ಗೆಯಿಂದ ಬೆವರು ಸುರಿಸಿ ಅದನ್ನು ರಿಪೇರಿ ಮಾಡಿದವನು ನಾನೇ. ಬೇರೆಯವರ ಅವಮಾನಕ್ಕೆ ಬೇರೆಯವರು ಕಾರಣರಾಗಿರುತ್ತಾರೆ. ನನ್ನದು ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿಸಿತಲ್ಲ, ಅದಕ್ಕೆ ನಾನೇ ಜವಾಬ್ದಾರ.

ನಾನು ಕೇಳಿದ ಪ್ರಶ್ನೆ ಏನೆಂದು ಹೇಳುತ್ತೇನೆ, ನ್ಯಾಯ ನೀವೇ ಹೇಳಿ. ಪ್ರಜ್ವಲ ಮೈಸೂರಿನವನು. ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ನಮ್ಮ ಕೂಟದಲ್ಲಿ ಫಾರಿನ್ನಿಗೆ ಹೋಗಿ ಬಂದವರು ತಿಂಗಳಿಗೊಬ್ಬರಂತೆ ತಮ್ಮ ಪ್ರವಾಸದ ಬಗ್ಗೆ ಮಾತಾಡುವ ರೂಢಿ ಇದೆ. ಅವತ್ತು ಅವನ ಸರದಿ. ಯುರೋಪಿನ ಮುನ್ನೂರು ಫೋಟೊ ಪರದೆಯ ಮೇಲೆ ಹಾಕಿದ. ಮುನ್ನೂರರಲ್ಲೂ ಅವನೇ ನಿಂತಿದ್ದ. ಭುಜದ ಆಚೆ ಚೂರು ಗೋಪುರ, ಕಿವಿಯ ಪಕ್ಕ ಒಂದಿಷ್ಟು ಹಿಮ, ಕಂಕುಳ ಸಂದಿಯಲ್ಲಿ ಒಂದು ನದಿ. ಪ್ರೊಜೆಕ್ಟರಿನ ವೈರು ಬಿಟ್ಟರೆ ಕನೆಕ್ಷನ್ ಹೋಗುತ್ತಿತ್ತು, ಹಾಗಾಗಿ ಹಿಡಿದುಕೊಂಡು ನಿಂತಿದ್ದ ನಾನು ವಿನಯದಿಂದಲೇ ಕೇಳಿದೆ: “ಪ್ರಜ್ವಲ್ ಸರ್, ಒಂದೀಟು ಸರದು ನಿಂತಿದ್ರ ಹಿಂದಿಂದು ಕಾಣತಿತ್ತು. ಅದು ಏನ್ರಿ?”

ಜನ ನಕ್ಕರು. ಅವರು ನಕ್ಕಿದ್ದಕ್ಕೆ ಶಿಕ್ಷೆ ನನಗೆ. ಅವನ ಉತ್ತರಕ್ಕೆ ಜನ ಇನ್ನೂ ಜೋರಾಗಿ ನಕ್ಕರು. ಕೂಟದ ಅಧ್ಯಕ್ಷರು, ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆಯಲ್ಲಿರುವ ಮಲ್ಲಪ್ಪನವರು, ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. “ಅಮೋಲಾ, ನೀ ಮಷಿನ್ ಬಿಚ್ಚೋ ಮನುಷ್ಯಾ, ಬಾಯಿ ಯಾಕ ಬಿಚ್ಚತೀಪಾ” ಎಂದರು. ಹಿಂದೆ ಉಪ್ಪಿಟ್ಟು ಬಡಿಸುತ್ತಿದ್ದ ನಮ್ಮ ಅವ್ವ ಅಹಲ್ಯಾಬಾಯಿಯ ಸೌಟು ಅರ್ಧದಲ್ಲೇ ನಿಂತಿತು. ಆಕೆ ಆ ಓಣಿಯ ಅರ್ಧ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುವವಳು. ನಕ್ಕವರೆಲ್ಲ ಆಕೆಯ ರೊಟ್ಟಿ ತಿಂದವರೇ.

ಅವತ್ತೇ ತೀರ್ಮಾನ ಮಾಡಿದೆ. ಫಾರಿನ್ನಿಗೆ ಹೋಗಬೇಕು. ಬಂದು ಅದೇ ಮೈಕಿನಲ್ಲಿ ಹತ್ತೇ ಹತ್ತು ನಿಮಿಷ ಮಾತಾಡಬೇಕು. ನಾನು ಪಕ್ಕಕ್ಕೆ ಸರಿದು ನಿಂತು, ಹಿಂದೆ ಇರುವುದು ಏನು ಎಂದು ಹೇಳಬೇಕು. ಜೀವನದಲ್ಲಿ ಬೇರೆ ಆಸೆ ಇರಲಿಲ್ಲ ಎಂದಲ್ಲ, ಅವೆಲ್ಲ ಎರಡನೇ ನಂಬರಿಗೆ ಹೋದವು.

ಯಾವ ದೇಶ ಎಂಬುದು ಮೊದಲೇ ಗೊತ್ತಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ನಾಚಾರಂನ ಕಾರ್ಖಾನೆ ಸೇರಿದವನು ನಾನು. ಚಿಪ್ಸು, ಶಾಂಪೂ ತುಂಬುವ ಪ್ಯಾಕಿಂಗ್ ಮಷಿನ್ನುಗಳನ್ನು ಬಿಚ್ಚಿ ಜೋಡಿಸುತ್ತೇನೆ. ಎಲ್ಲವೂ ಚೀನಾದವು. ಕೆಟ್ಟಾಗ ವಿಡಿಯೊ ಕಾಲಿನಲ್ಲಿ ಲಿನ್ ಎಂಬ ಮೆಕ್ಯಾನಿಕ್ ದಾರಿ ಹೇಳುತ್ತಾನೆ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ನಡುವೆ ಫೋನು ಅನುವಾದ ಮಾಡುತ್ತದೆ. ನಾಲ್ಕು ವರ್ಷದಲ್ಲಿ ಇಬ್ಬರೂ ಒಂದೇ ಒಂದು ಬೋಲ್ಟನ್ನೂ ತಪ್ಪಾಗಿ ಬಿಗಿದಿಲ್ಲ. ಒಂದೇ ಭಾಷೆಯವರು ನನ್ನ ವಿಷಯದಲ್ಲಿ ಏನು ಮಾಡಿದರು ಎಂಬುದು ಮುಂದೆ ಬರುತ್ತದೆ.

ಲಿನ್ ಹೇಳಿದ: ದೊಡ್ಡ ಊರು ಬೇಡ, ದುಬಾರಿ. ನಮ್ಮೂರ ಕಡೆ ಬಾ. ಶಿಯಾಪು ಎಂಬ ಕಡಲತೀರ, ಪಕ್ಕದಲ್ಲೇ ತೈಮು ಬೆಟ್ಟ. ನಿಮ್ಮ ದೇಶದವರು ಅಲ್ಲಿಗೆ ಬಂದದ್ದನ್ನು ನಾನು ನೋಡಿಲ್ಲ.

ಆರು ದಿನದ ರಜೆ, ಎರಡು ಕಡೆ ವಿಮಾನ ಬದಲಿಸುವ ಅಗ್ಗದ ಟಿಕೆಟ್ಟು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹೋಗಿ ಬಂದೆ. ಶಿಯಾಪುವಿನಲ್ಲಿ ನೀರು ಇಳಿದಾಗ ಸಮುದ್ರವೇ ಎದ್ದು ಹೋಗಿ ಬೂದಿ ಬಣ್ಣದ ಕೆಸರು ಮೈಲಿಗಟ್ಟಲೆ ಬಿದ್ದುಕೊಳ್ಳುತ್ತದೆ. ಅದರ ಮೇಲೆ ನೀರಿನ ಗೆರೆಗಳು, ಹುಲಿಯ ಮೈಯಂತೆ. ತಿನ್ನುವ ಪಾಚಿ ಬೆಳೆಸಲು ನೆಟ್ಟ ಬಿದಿರಿನ ಗಳಗಳು ಸಾವಿರಾರು. ಮೀನುಗಾರನೊಬ್ಬ ಬಲೆ ಹೊತ್ತು ಆ ಗೆರೆಗಳ ನಡುವೆ ನಡೆಯುತ್ತಾನೆ, ಫೋಟೊದವರು ಅವನಿಗೆ ದುಡ್ಡು ಕೊಡುತ್ತಾರೆ. ಅವನು ಮೀನು ಹಿಡಿದು ಎಷ್ಟು ವರ್ಷವಾಯಿತೊ ಅವನಿಗೇ ನೆನಪಿಲ್ಲವಂತೆ, ಲಿನ್ ಹೇಳಿದ. ತೈಮು ಬೆಟ್ಟದಲ್ಲಿ ಬಂಡೆಗಳು. ಮನೆಯಷ್ಟು, ಸಭಾಂಗಣದಷ್ಟು ದೊಡ್ಡ ಬಂಡೆಗಳು. ನಡುವಿನ ಬಿರುಕಿನಲ್ಲಿ ಅಡ್ಡಡ್ಡ ಸರಿದು ಹೋಗಬೇಕು, ಉಸಿರು ಬಿಟ್ಟರೆ ಹೊಟ್ಟೆ ತಾಗುತ್ತದೆ. ಮೇಲೆ ಆಕಾಶ ದಾರದಷ್ಟು ಕಾಣುತ್ತದೆ. ಕೆಳಗೆ ಮಂಜು ಸರಿದಾಗ ಸಮುದ್ರ. ನಾನು ಫೋಟೊ ತೆಗೆದೆ. ಒಂದರಲ್ಲೂ ನಾನಿಲ್ಲ. ನನ್ನ ಸರ್ವನಾಶಕ್ಕೆ ಅದೇ ಮೊದಲ ಕಾರಣ.

ಬಂದ ಮಾರನೇ ದಿನ ಬೆಳಿಗ್ಗೆ ಮಲ್ಲಪ್ಪನವರ ಪಡಸಾಲೆಗೆ ಹೋದೆ. ಅವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಸ್ಟೋರ್ ಕೀಪರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಸ್ಕ್ರೂ ಎಣಿಸಿದ್ದರಿಂದ ದೇಶದ ಗಡಿಯ ವಿಷಯವೆಲ್ಲ ತಮಗೆ ಗೊತ್ತು ಎಂದು ನಂಬಿದ್ದಾರೆ. ಪ್ರಜ್ವಲನೂ ಅವರ ಜೊತೆ ಕೂತು ದೋಸೆ ತಿನ್ನುತ್ತಿದ್ದ.

“ಮಲ್ಲಪ್ಪ ಕಾಕಾ, ಮುಂದಿನ ಐತವಾರ ಕೂಟದಾಗ ನನಗ ಹತ್ತು ನಿಮಿಷ ಬೇಕ್ರಿ. ಚೀನಾಕ್ಕ ಹೋಗಿ ಬಂದೀನಿ.”

ಪ್ರಜ್ವಲ ದೋಸೆ ನುಂಗಿ, ನನ್ನ ಫೋನು ಇಸಿದುಕೊಂಡು ನೋಡಿದ. “ಚೀನಾ ಗೋಡೆ ಎಲ್ಲಿ ಗುರು?”

ಅದು ಬೇರೆ ದಿಕ್ಕಿನಲ್ಲಿದೆ, ಹೈದರಾಬಾದಿಗೆ ಬಂದವನನ್ನು ತಾಜ್‌ಮಹಲ್ ಎಲ್ಲಿ ಎಂದು ಕೇಳುತ್ತಾರೇನು ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಒಂದೊಂದೇ ಫೋಟೊ ಸರಿಸುತ್ತ ಬಂದು ಬಂಡೆಗಳ ಹತ್ತಿರ ನಿಂತ.

“ಕಾಕಾ, ಇದು ನೋಡಿ. ಇದು ನಾಚಾರಂ ಪಕ್ಕದ ಮೌಲಾಲಿ ಗುಡ್ಡ. ನಮ್ಮ ಆಫೀಸಿನವರು ಬೆಳಿಗ್ಗೆ ಹತ್ತೋಕೆ ಹೋಗ್ತಾರಲ್ಲ, ಅದೇ. ಆರು ದಿನ ನಾಚಾರಂನಲ್ಲೇ ಇದ್ದು, ಸಂಜೆ ಹೋಗಿ ಫೋಟೊ ತಗೊಂಡ್ ಬಂದವ್ನೆ.”

ಹೈದರಾಬಾದಿನ ಸುತ್ತ ಇರುವುದೂ ಕಲ್ಲು, ತೈಮುವಿನಲ್ಲಿ ಇರುವುದೂ ಕಲ್ಲು. ಎರಡೂ ದುಂಡಗೆ ಇವೆ. ಅದು ನನ್ನ ತಪ್ಪೇ? ಮಲ್ಲಪ್ಪನವರು ಫೋನನ್ನು ಮೂಗಿಗೆ ಹತ್ತಿರ ಹಿಡಿದು, “ಹೌದಲ್ಲ, ಆ ಬಾಜೂಕ ದರ್ಗಾದ ಮೆಟ್ಟಲ ಇರಬೇಕು ನೋಡು” ಎಂದರು. ಒಳಗಿನಿಂದ ಅವರ ಹೆಂಡತಿ ಪ್ರಫುಲ್ಲಾಬಾಯಿ ಬಂದು ನೋಡಿ, “ಅಯ್ಯ, ಇಲ್ಲಿ ನಾವು ನಮ್ಮ ತಂಗಿ ಬಂದಾಗ ಚುರುಮುರಿ ತಿಂದಿದ್ವಿ” ಎಂದರು. ತೈಮು ಬೆಟ್ಟದ ಮೇಲೆ, ಚುರುಮುರಿ.

ನನಗೆ ತಲೆ ಕೆಟ್ಟಿತು. ಮೇಲಕ್ಕೆ ಓಡಿ ಪಾಸ್‌ಪೋರ್ಟ್ ತಂದು ಅವರ ದೋಸೆಯ ತಟ್ಟೆಯ ಪಕ್ಕ ಬಡಿದೆ. “ಇದು ಮೌಲಾಲಿ ವೀಸಾ ಏನ್ರಿ? ಓದ್ರಿ.”

ಮಲ್ಲಪ್ಪನವರು ಓದಿದರು. ವೀಸಾ ನೋಡಿದರು, ಠಸ್ಸೆ ನೋಡಿದರು. ಕೈ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅವರ ಮುಖ ನಿಧಾನಕ್ಕೆ ಬದಲಾಯಿತು. ನಾನು ಗೆದ್ದೆ ಎಂದುಕೊಂಡೆ. ನನ್ನಷ್ಟು ಮೂರ್ಖ ಕಾಚಿಗೂಡದಲ್ಲಿ ಇನ್ನೊಬ್ಬನಿಲ್ಲ.

“ಖರೇನ ಚೀನಾ,” ಎಂದರು ಮೆಲ್ಲಗೆ. “ಬೆಟ್ಟ ಅಂದಿ. ಕೆಳಗ ನೀರು ಐತಿ. ಮಂಜು ಐತಿ. ಆರು ದಿನದಾಗ ಅರ್ಧ ಆಗಿ ಬಂದೀದಿ.” ಎದ್ದು ನಿಂತರು. “ಚೀನಾದೊಳಗ ನಮ್ಮವರು ಹೋಗೂ ಬೆಟ್ಟ ಒಂದ ಐತೆಪಾ. ಈ ವರ್ಷ ಯಾತ್ರಾ ಮತ್ತ ಸುರು ಆಗೈತಿ. ಅಮೋಲಾ, ನೀ ಕೈಲಾಸಕ್ಕ ಹೋಗಿ ಬಂದೀಯಲ್ಲೊ.”

“ಇಲ್ರಿ ಕಾಕಾ. ಇದು ತೈಮು. ಕೈಲಾಸ ಆ ದಂಡಿಗೆ, ಇದು ಈ ದಂಡಿಗೆ. ಇಲ್ಲಿ ಸಮುದ್ರ—”

“ಮಾನಸ ಸರೋವರ ನೋಡಾಕ ಸಮುದ್ರದಂಗ ಇರತೈತಿ,” ಎಂದರು ಪ್ರಫುಲ್ಲಾಬಾಯಿ, ಚುರುಮುರಿಯನ್ನು ಪೂರ್ತಿ ಮರೆತು.

“ಕಾಕಾ, ಕೈಲಾಸಕ್ಕೆ ಮೂರು ವಾರ ಬೇಕು. ಆರು ದಿನಕ್ಕೆ ಹೇಗೆ?” ಎಂದ ಪ್ರಜ್ವಲ. ಅವನ ಬಾಯಿಂದ ಬಂದ ಮೊದಲ ಸರಿಯಾದ ಮಾತು ಅದು.

“ನಿನ್ನಂಥಾವರಿಗೆ ಮೂರು ವಾರ,” ಎಂದರು ಮಲ್ಲಪ್ಪನವರು.

ನಾನು ಇಲ್ಲ ಎಂದಷ್ಟೂ ಅವರು ಹೌದು ಎಂದರು. ನಾನು ಇಲ್ಲ ಎನ್ನುವುದಕ್ಕೆ ಮಲ್ಲಪ್ಪನವರು ಕಂಡುಕೊಂಡ ಮೊದಲ ಕಾರಣ: ಮಾಡಿದ ಪುಣ್ಯ ಹೇಳಿಕೊಂಡರೆ ಕರಗುತ್ತದೆ, ಹುಡುಗ ತಿಳಿದವನು. ಎರಡನೆಯದು, ದನಿ ತಗ್ಗಿಸಿ: “ಗಡಿ ವಿಷಯ ಐತಿ. ದಿಲ್ಲಿಯವರು ಬಾಯಿ ಬಿಡಬ್ಯಾಡ ಅಂದಿರತಾರ. ನಮ್ಮ ಸ್ಟೋರಿನಾಗೂ ಹಂಗ ಇತ್ತು.” ಮಲ್ಲಪ್ಪನವರು ಎರಡು ಸಲ ಕೈಲಾಸ ಯಾತ್ರೆಗೆ ಅರ್ಜಿ ಹಾಕಿ, ಸಕ್ಕರೆ ಕಾಯಿಲೆ ಎಂದು ಎರಡು ಸಲವೂ ಡಾಕ್ಟರಿಂದ ವಾಪಸಾದವರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡವರ ಜೊತೆ ಭೂಗೋಳ ವಾದಿಸುವುದು ಹೇಗೆ? ನಾನು ಪಾಸ್‌ಪೋರ್ಟ್ ಎತ್ತಿಕೊಂಡು ಡ್ಯೂಟಿಗೆ ಹೋದೆ. ಅಂದರೆ ಇಡೀ ಹಗಲು ಓಣಿಯನ್ನು ಅವರ ಕೈಗೆ ಕೊಟ್ಟು ಹೋದೆ.

ಸಂಜೆ ಬಂದಾಗ ಕಟ್ಟಡದ ಕೆಳಗೆ ಚಪ್ಪಲಿಗಳ ರಾಶಿ. ಮೆಟ್ಟಿಲ ಮೇಲೆ ಪಾಯಸದ ಪಾತ್ರೆ ಹಿಡಿದು ಒಬ್ಬಾಕೆ ನನ್ನ ಕಾಲು ಮುಟ್ಟಿದಳು. ಎದುರು ಮನೆಯ ತೆಲುಗಿನ ಮುದುಕ “ಬಾಬು, ಕೈಲಾಸಂ” ಎಂದು ಕೈ ಮುಗಿದ. ಮೂಲೆಯ ಇರಾನಿ ಹೋಟೆಲಿನವನು, “ಸುನಾ, ಹಜ್ ಜೈಸಾ ಕುಛ್ ಕರಕೆ ಆಯೆ ತುಮ್” ಎಂದು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ತಂದಿದ್ದ ಒಣ ಪಾಚಿಯ ಹಾಳೆಗಳನ್ನು ಅವ್ವ ಚೂರು ಚೂರು ಮಾಡಿ ಸರೋವರದ ಪ್ರಸಾದವೆಂದು ಹಂಚಿದ್ದಳು. ಎಲ್ಲರೂ ಕಣ್ಣಿಗೆ ಒತ್ತಿಕೊಂಡು ತಿಂದು, ಕಷ್ಟಪಟ್ಟು ನುಂಗಿದ್ದರು.

ನನ್ನನ್ನು ಹೆದರಿಸಿದ್ದು ಅದಲ್ಲ. ಓಣಿಯಲ್ಲಿ ಎದುರಾದ ಪ್ರತಿಯೊಬ್ಬರ ಹಣೆಯ ಮೇಲೂ ಮೂರು ಬೆರಳಿನ ಬೂದಿ ಪಟ್ಟೆ ಇತ್ತು. ಅದು ಬಿಳಿ ಅಲ್ಲ. ಒಂದು ವಿಚಿತ್ರ ಬೂದು ಬಣ್ಣ. ಆ ಬಣ್ಣವನ್ನು ನಾನು ಎಲ್ಲೋ ನೋಡಿದ್ದೆ. ಹತ್ತಿರ ಹೋದರೆ ಸಣ್ಣಗೆ ಮೀನಿನ ವಾಸನೆ.

ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಹಣೆಯ ಮೇಲೂ ಅದೇ.

“ಅವ್ವಾ, ಈ ಇಭೂತಿ ಎಲ್ಲಿಂದ ಬಂತು?”

“ನಿನ್ನ ಚೀಲದಾಗಿಂದಪಾ. ತಳದಾಗ ಆ ಕರೇ ಪ್ಲಾಸ್ಟಿಕ್ಕಿನಾಗ ಇತ್ತಲ್ಲ. ಎಷ್ಟು ನುಣ್ಣಗ ಐತಿ. ನಿನ್ನೆ ತಗದು ಡಬ್ಬಿಯಾಗ ಹಾಕಿ ದೇವರ ಮುಂದ ಇಟ್ಟಿದ್ದೆ, ಇವತ್ತು ಮಲ್ಲಪ್ಪ ಅಣ್ಣಾರು ಹೇಳಿದ ಮ್ಯಾಲೆ ತಿಳೀತು ಅದು ಎಲ್ಲೀದಂತ.”

“ಅದು ಬೂಟು ಇಟ್ಟಿದ್ದ ಪ್ಲಾಸ್ಟಿಕ್.”

“ಇರಲಿ ಬಿಡು. ಜಾಗಾ ಇರಲಾರದ್ದಕ್ಕ ಬೂಟಿನ ಬಾಜೂಕ ಇಟ್ಟೀದಿ. ದೇವರು ತಪ್ಪು ತಿಳಿಯಂಗಿಲ್ಲ.”

“ಬಾಜೂಕ ಅಲ್ಲವ್ವಾ. ಬೂಟಿಂದ ಉದುರಿದ್ದು. ಸಮುದ್ರದ ಕೆಸರು, ಒಣಗಿ ಹಿಟ್ಟಾಗೈತಿ. ಏಡಿ ಓಡಾಡೂ ಕೆಸರು.”

ರೊಟ್ಟಿಯ ಸದ್ದು ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ಅವ್ವ ಸೆರಗಿನಿಂದ ತನ್ನ ಹಣೆಯನ್ನು ಒರೆಸಿಕೊಂಡಳು.

“ಯಾರಿಗರೆ ಹೇಳೀಯೇನು?”

“ಇಲ್ಲ.”

“ಮಲ್ಲಪ್ಪ ಅಣ್ಣಾರು ನಾಲಿಗಿ ಮ್ಯಾಲೂ ಹಚ್ಚಿಕೊಂಡಾರ,” ಎಂದಳು. “ಪ್ರಫುಲ್ಲಾಬಾಯಾರು ಒಂದು ಪೊಟ್ಟಣ ಕಟ್ಟಿ ಮಗಳಿಗೆ ನಿಜಾಮಾಬಾದಿಗೆ ಕಳಿಸ್ಯಾರ. ಬಸುರಿ ಅದಾಳಲ್ಲ, ಛಲೋ ಆಗಲಿ ಅಂತ.”

“ಈಗ ಹೋಗಿ ಹೇಳತೀನಿ.”

“ಅಮೋಲಾ, ಕುಂದ್ರು.” ಅವ್ವ ಹಂಚು ಕೆಳಗಿಳಿಸಿದಳು. “ಈ ಓಣಿಗೆ ಬಂದು ಹತ್ತೊಂಬತ್ತು ವರ್ಷ ಆತು. ಅವರ ಮನಿಗೆ ರೊಟ್ಟಿ ಕೊಟ್ಟು ಬಾಗಲದಾಗ ನಿಂತು ಬರತಿದ್ದೆ. ಇವತ್ತು ಪ್ರಫುಲ್ಲಾಬಾಯಾರು ಒಳಗ ಕರದು ಕುರ್ಚಿ ಮ್ಯಾಲೆ ಕುಂದ್ರಿಸಿ ಚಾ ಕೊಟ್ರು, ಪಿಂಗಾಣಿ ಕಪ್ಪಿನಾಗ. ಐತವಾರ ಕೂಟದಾಗ ದೀಪ ಹಚ್ಚಾಕ ನನಗ ಹೇಳ್ಯಾರ. ಬೂಟಿನ ಕೆಸರು ಹಣಿಗೆ ಹಚ್ಚಿದಾಕಿ ಅಂತ ಗೊತ್ತಾದ್ರ, ಈ ಓಣಿಯಾಗ ನನ್ನ ಕೈಯಾನ ರೊಟ್ಟಿ ಯಾರು ತಿಂತಾರ?”

ಸುಳ್ಳು ಹೇಳಿದವರು ಯಾರೂ ಇಲ್ಲ. ಅವ್ವ ಹೇಳಿಲ್ಲ, ನಾನು ಹೇಳಿಲ್ಲ, ಮಲ್ಲಪ್ಪನವರೂ ಹೇಳಿಲ್ಲ. ಒಬ್ಬರೂ ಸುಳ್ಳು ಹೇಳದೆ ಇಡೀ ಓಣಿಯ ಹಣೆಗೆ ಶಿಯಾಪುವಿನ ಕೆಸರು ಹತ್ತಿತ್ತು. ಡಬ್ಬಿಯಲ್ಲಿ ಉಳಿದಿದ್ದನ್ನು ಮೋರಿಗೆ ಸುರಿದೆ. ಖಾಲಿ ಡಬ್ಬಿ ನೋಡಿದ ಪ್ರಫುಲ್ಲಾಬಾಯಿ, ಉಳಿದಿದ್ದನ್ನೆಲ್ಲ ನಾನೊಬ್ಬನೇ ಹಚ್ಚಿಕೊಂಡು ಮುಗಿಸಿದೆ ಎಂದು ಮಾರನೇ ದಿನ ಬೇಜಾರು ಮಾಡಿಕೊಂಡರು.

ಆ ವಾರ ನಾನು ಕಾರ್ಖಾನೆಗೆ ಹಿಂದಿನ ಬಾಗಿಲಿನಿಂದ ಹೋದೆ, ಹಿಂದಿನ ಬಾಗಿಲಿನಿಂದ ಬಂದೆ. ಮಾಲೀಕ, “ಅಮೋಲ್ ಭಾಯ್, ಹೊಸ ಮಷಿನ್ನಿಗೆ ಮೊದಲು ನೀವೇ ಕೈ ಹಚ್ಚಿ” ಎಂದು ಎಂದೂ ಇಲ್ಲದ ಬಹುವಚನ ಕೊಟ್ಟ. ಲಿನ್ ವಿಡಿಯೊ ಕಾಲಿನಲ್ಲಿ, ನಮ್ಮೂರ ಬಗ್ಗೆ ನಿಮ್ಮ ಜನ ಏನೆಂದರು ಎಂದು ಕೇಳಿದ. ತಲೆಗೆ ಹಚ್ಚಿಕೊಂಡರು ಎಂದೆ. ಫೋನು ಅದನ್ನು ಹೇಗೆ ಅನುವಾದ ಮಾಡಿತೊ, ಅವನು ಬಹಳ ಖುಷಿಪಟ್ಟ.

ಐತವಾರ ಬಂತು. ಸಭಾಂಗಣದಲ್ಲಿ ಎಂಬತ್ತರ ಜಾಗದಲ್ಲಿ ಇನ್ನೂರು ಜನ. ಮೈಕು, ವೈರು ಎಲ್ಲ ಬಾಡಿಗೆಯವರು ಜೋಡಿಸಿದ್ದರು, ಯಾಕಂದರೆ ಕೈಲಾಸಕ್ಕೆ ಹೋಗಿ ಬಂದವನಿಂದ ವೈರು ಹಿಡಿಸಬಾರದಂತೆ. ಅವ್ವ ಇಳಕಲ್ ಸೀರೆ ಉಟ್ಟು, ಮೊದಲ ಕಡ್ಡಿ ಆರಿ, ಎರಡನೆಯದರಲ್ಲಿ ದೀಪ ಹಚ್ಚಿದಳು. ಜನ ಚಪ್ಪಾಳೆ ತಟ್ಟಿದರು. ಆಕೆ ಗಾಬರಿಯಾಗಿ ಜನರಿಗೇ ಕೈ ಮುಗಿದಳು.

ಆಮೇಲೆ ಮಲ್ಲಪ್ಪನವರು ಹಿತ್ತಾಳೆಯ ಅಗಲವಾದ ಪರಾತ ತರಿಸಿ, ಇನ್ನೂರು ಜನರ ಎದುರಿಗೆ ನನ್ನ ಪಾದ ತೊಳೆದರು. ಎಪ್ಪತ್ತರ ಮನುಷ್ಯ, ಮೊಣಕಾಲು ನೋವು, ಕೆಳಗೆ ಕೂತು ಬೆರಳ ಸಂದಿಯನ್ನೂ ಬಿಡದೆ ತೊಳೆದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟಿನಷ್ಟು ಕೆಟ್ಟದ್ದು ಬೇರೆ ಇಲ್ಲ. ಹೂವಿನ ಹಾರ ಹಾಕಿ ಮೈಕು ಕೈಗೆ ಕೊಟ್ಟರು. “ಹತ್ತು ನಿಮಿಷ ಕೇಳಿದ್ದಿಯಲ್ಲ, ಬೇಕಾದರ ಒಂದು ತಾಸು ಮಾತಾಡಪಾ.”

ನಾನು ಒಂದು ಉಪಾಯ ಮಾಡಿಕೊಂಡು ಬಂದಿದ್ದೆ. ಬೆಟ್ಟದ ಹೆಸರು ಹೇಳುವುದು ಬೇಡ. ಕಂಡದ್ದನ್ನಷ್ಟೇ ಕಂಡ ಹಾಗೆ ಹೇಳುವುದು.

“ಬೆಳಿಗ್ಗೆ ನೀರು ಹಿಂದಕ್ಕ ಸರಿತೈತ್ರಿ,” ಎಂದೆ.

“ಹರ ಹರ,” ಎಂದರು ಮುಂದಿನ ಸಾಲಿನವರು.

“ಒಬ್ಬ ಮನುಷ್ಯಾ ಬಲೆ ಹೊತಕೊಂಡು ಮಂಜಿನಾಗ ಒಬ್ಬನ ನಡೀತಿರತಾನ್ರಿ.”

“ಯಾರು ಅಂತ ತಿಳೀತಲ್ಲ?” ಎಂದು ಮಲ್ಲಪ್ಪನವರು ಜನರ ಕಡೆ ತಿರುಗಿ ಕೇಳಿದರು. ಜನರಿಗೆ ತಿಳಿದಿತ್ತು. ಹಿಂದೊಬ್ಬರು ಅಳತೊಡಗಿದರು.

“ಬಂಡೆ ಬಿರುಕಿನಾಗ ಹೋಗೂವಾಗ ಒಬ್ಬ ದಪ್ಪ ಮನುಷ್ಯಾ ಸಿಕ್ಕೊಂಡು—”

“ಪಾಪ ಮಾಡಿದವರು ಹಂಗ ಸಿಕ್ಕೊಂತಾರ,” ಎಂದರು ಪ್ರಫುಲ್ಲಾಬಾಯಿ, ಎಲ್ಲರಿಗೂ ಕೇಳುವಂತೆ.

ಎರಡು ನಿಮಿಷವೂ ಆಗಿರಲಿಲ್ಲ, ಪ್ರಜ್ವಲ ಎದ್ದು ನಿಂತ. ಕೈಯಲ್ಲಿ ಲ್ಯಾಪ್‌ಟಾಪು.

“ಎಲ್ಲ ಸುಳ್ಳು. ನಾನು ರಾತ್ರಿಯೆಲ್ಲ ಕೂತು ಹುಡುಕಿದೀನಿ. ಅವನ ಫೋಟೊಗಳು ಕೈಲಾಸದ್ದಲ್ಲ. ಮೌಲಾಲಿದೂ ಅಲ್ಲ, ಅದು ನನ್ನ ತಪ್ಪು, ಒಪ್ಕೋತೀನಿ. ಇದು ಚೀನಾದ ಪೂರ್ವ ಕರಾವಳಿ. ಈ ಬೆಟ್ಟದ ಹೆಸರು ತೈಮು. ಕೆಳಗಿರೋದು ಶಿಯಾಪು. ಆ ಬಲೆ ಹೊತ್ತವನು ಫೋಟೊಗೆ ದುಡ್ಡು ತಗೊಂಡು ನಡೆಯೋನು. ಇವನು ನಿಮ್ಮೆಲ್ಲರಿಗೂ ಟೋಪಿ ಹಾಕಿದಾನೆ.”

ನಾನು ಒಂದು ವಾರದಿಂದ ಕೂಗಿಕೊಂಡಿದ್ದನ್ನು, ಒಂದಕ್ಷರ ಬಿಡದೆ, ನನ್ನ ಶತ್ರು ಮೈಕಿಲ್ಲದೆ ಹೇಳಿದ. ಕುರ್ಚಿಗಳು ಕಿರುಗುಟ್ಟಿದವು. ಇನ್ನೂರು ಮುಖಗಳು ಅವನಿಂದ ನನ್ನ ಕಡೆ ತಿರುಗಿದವು.

ಮಲ್ಲಪ್ಪನವರು ಇನ್ನೂ ಪರಾತದ ಪಕ್ಕದಲ್ಲೇ ಕೂತಿದ್ದರು, ಎದ್ದೇಳಲು ಆಗಿರಲಿಲ್ಲ. ನನ್ನ ಪಾದ ತೊಳೆದ ನೀರನ್ನು ಆಗಲೇ ಕಣ್ಣಿಗೆ ಹಚ್ಚಿಕೊಂಡಿದ್ದರು. ರೆಪ್ಪೆಗಳು ಒದ್ದೆಯಾಗಿದ್ದವು.

“ಅಮೋಲಾ,” ಎಂದರು. “ಈ ಹುಡುಗ ಹೇಳೂದು ಖರೇ ಏನು? ನೀ ಒಂದು ಮಾತು ಹೇಳು. ನೀ ಹೇಳಿದ್ದ ನಮಗ ಖರೇ.”

ಹೌದು ಎಂದರೆ ಚೀನಾ ನನ್ನದು, ತೈಮು ನನ್ನದು, ಉಳಿದ ಎಂಟು ನಿಮಿಷವೂ ನನ್ನದು. ದೀಪದ ಪಕ್ಕದಲ್ಲಿ ಅವ್ವ ನಿಂತಿದ್ದಳು. ಆಕೆ ನನ್ನ ಕಡೆ ನೋಡಲಿಲ್ಲ. ಬತ್ತಿ ಸರಿಯಾಗಿಯೇ ಉರಿಯುತ್ತಿತ್ತು, ಆದರೂ ಬೆರಳಿನಿಂದ ಅದನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಬೆರಳು ಸುಡುತ್ತಿತ್ತೊ ಇಲ್ಲವೊ.

ನಾನು ಮೈಕನ್ನು ಮೇಜಿನ ಮೇಲೆ ಇಟ್ಟೆ. ಹಾರ ತೆಗೆದು ಅದರ ಪಕ್ಕ ಇಟ್ಟೆ. ಒದ್ದೆ ಕಾಲಿನಲ್ಲೇ ವೇದಿಕೆಯಿಂದ ಇಳಿದು ನಡುವಿನ ದಾರಿಯಲ್ಲಿ ನಡೆದೆ. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಹಿಂದೆ ಮಲ್ಲಪ್ಪನವರ ದನಿ: “ನೋಡ್ರಿ. ಕಂಡವರು ಹೇಳಂಗಿಲ್ಲ.” ಯಾರೋ ಚಪ್ಪಾಳೆ ಶುರುಮಾಡಿದರು.

ಪ್ರಜ್ವಲ ಲ್ಯಾಪ್‌ಟಾಪು ತೆರೆದುಕೊಂಡೇ ಬಾಗಿಲವರೆಗೆ ಓಡಿ ಬಂದ. “ಅದು ತೈಮು ಅಲ್ವೇನೋ? ಅಷ್ಟು ಹೇಳಿ ಹೋಗೋ. ತೈಮು ತಾನೇ? ನನ್ನನ್ನ ಹುಚ್ಚ ಅನ್ಕೋತಾರೆ ಕಣೋ ಇವ್ರು.” ಆ ಬೆಟ್ಟದ ಹೆಸರನ್ನು ಇಷ್ಟು ಸರಿಯಾಗಿ ಹೇಳಿದವನು ನಮ್ಮ ಕೂಟದಲ್ಲಿ ಅವನೊಬ್ಬನೇ.

ನಾನು ರಸ್ತೆ ದಾಟಿ, ತಿರುಗಿ ನೋಡದೆ ಕಾಚಿಗೂಡ ರೈಲ್ವೆ ಸ್ಟೇಷನ್ ಕಡೆ ನಡೆದೆ.